ಬಳ್ಳಿ ಕೀಳುವ ಮೊದಲು: ಸ್ವಾನ್ ಮೇಯರ್ ಅವರಿಗೆ ಬಹಿರಂಗ ಪತ್ರ

ಮಾನ್ಯ ಮೇಯರ್ ಅವರಿಗೆ,
ಸಿಟಿ ಆಫ್ ಸ್ವಾನ್, ಪಶ್ಚಿಮ ಆಸ್ಟ್ರೇಲಿಯಾ

ನಮಸ್ಕಾರ.

ನಾನು ಪರ್ತ್ ಹೊರವಲಯದ ಎಲೆನ್‌ಬ್ರೂಕ್ ನಿವಾಸಿ. ಹುಟ್ಟಿದ್ದು ದೇವನಹಳ್ಳಿ ಕಡೆ. ಈ ಪತ್ರದ ಇಂಗ್ಲಿಷ್ ಪ್ರತಿಯನ್ನು ನಿಮ್ಮ ಕಚೇರಿಗೆ ಕಳಿಸಿದ್ದೇನೆ. ಪರ್ತ್‌ನ ಕನ್ನಡಿಗರೂ ನಮ್ಮೂರಿನವರೂ ಓದಲಿ ಅಂತ ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಸ್ವಾನ್ ವ್ಯಾಲಿಯ ದ್ರಾಕ್ಷಿ ತೋಟವನ್ನು ತುಂಡು ಮಾಡಿ ಸೈಟ್ ಮಾಡುವ ಅರ್ಜಿ ಯಾರದ್ದೇ ಬರಲಿ, ನಿಮ್ಮ ಕೌನ್ಸಿಲ್ ಬೇಡ ಎಂದು ಬರೆಯಲಿ. ನನ್ನ ಮುಖ್ಯ ಕೋರಿಕೆ ಇದೇ. ಈ ಕಣಿವೆಯ ಭೂಬಳಕೆಗೆಂದೇ ರಾಜ್ಯ ಸರ್ಕಾರ 1995ರಲ್ಲಿ ಒಂದು ಕಾಯ್ದೆ ತಂದಿತು, 2020ರಲ್ಲಿ ಅದರ ಜಾಗಕ್ಕೆ ಹೊಸದು ಬಂತು. ಕೊನೆಯ ಮಾತು ನಿಮ್ಮದಲ್ಲ, ಗೊತ್ತು. ಆದರೆ ಊರಿನ ಕೌನ್ಸಿಲ್ ಏನು ಹೇಳಿತು ಅನ್ನುವುದಕ್ಕೂ ತೂಕ ಇದೆ, ಅಲ್ವಾ?

ನಮ್ಮ ತಾತ ಬೆಂಗಳೂರು ಬ್ಲೂ ದ್ರಾಕ್ಷಿ ಬೆಳೆಯುತ್ತಿದ್ದರು. ಕಲ್ಲುಕಂಬ ನೆಟ್ಟು, ಮೇಲೆ ತಂತಿ ಎಳೆದು ಮಾಡಿದ ಚಪ್ಪರ. ಬೇಸಿಗೆ ರಜೆಯಲ್ಲಿ ನಮಗೆ ಅದೇ ನೆರಳು. ಆಮೇಲೆ ಜಮೀನಿನ ಬೆಲೆ ಏರಿತು. ಯಾರೂ ಬಲವಂತ ಮಾಡಲಿಲ್ಲ, ನಾವೇ ಮಾರಿದೆವು. ಬಳ್ಳಿ ಕಿತ್ತ ಮೇಲೆ ಎಷ್ಟೋ ದಿನ ಕಲ್ಲುಕಂಬಗಳು ಮಾತ್ರ ಸಾಲಾಗಿ ನಿಂತಿದ್ದವು. 2013ರಲ್ಲಿ ಆ ದ್ರಾಕ್ಷಿಗೆ ಜಿಐ ಟ್ಯಾಗ್, ಅಂದರೆ ಇದು ಈ ಪ್ರದೇಶದ್ದೇ ಎಂಬ ಅಧಿಕೃತ ಗುರುತು, ಸಿಕ್ಕಿತು. ಅಷ್ಟರಲ್ಲಿ ನಮ್ಮ ತೋಟವೇ ಇರಲಿಲ್ಲ.

ಅದಕ್ಕೇ ವೆಸ್ಟ್ ಸ್ವಾನ್ ರಸ್ತೆಯಲ್ಲಿ ಹೋಗುವಾಗ ನನ್ನ ಕಣ್ಣು ಬಳ್ಳಿಗಳ ಮೇಲೇ ಇರುತ್ತದೆ. ಹೌಟನ್ ತೋಟದಲ್ಲಿ ಮಾರಾಟಕ್ಕೆಂದು ಮೊದಲ ವೈನ್ ಮಾಡಿದ್ದು 1859ರಲ್ಲಿ. ಮುಂದೆ ಕ್ರೊಯೇಷಿಯಾ ಕರಾವಳಿಯಿಂದ ಬಂದ ಕುಟುಂಬಗಳು ಈ ಮಣ್ಣಿನಲ್ಲಿ ಬೆವರು ಸುರಿಸಿದವು.

ಇನ್ನೊಂದು ಜೀವದ ಬಗ್ಗೆ ಹೇಳಲೇಬೇಕು. ನಮ್ಮ ಮನೆಗಳಿಂದ ತುಂಬಾ ದೂರವೇನಿಲ್ಲ, ಎಲೆನ್ ಬ್ರೂಕ್ ಮತ್ತು ಟ್ವಿನ್ ಸ್ವಾಂಪ್ಸ್ ಎಂಬ ಎರಡು ಸಣ್ಣ ರಕ್ಷಿತ ತಾಣಗಳಿವೆ. ಅಲ್ಲಿ ಪಶ್ಚಿಮದ ಜೌಗು ಆಮೆ ಇದೆ. ದೊಡ್ಡದೆಂದರೆ ಸುಮಾರು 15 ಸೆಂಟಿಮೀಟರ್. ಚಳಿಗಾಲದ ಮಳೆಗೆ ಜೌಗು ತುಂಬಿದಾಗ ಈಜುತ್ತದೆ, ತಿನ್ನುತ್ತದೆ. ನೀರು ಬತ್ತಿದರೆ ತಿಂಗಳುಗಟ್ಟಲೆ ನೆಲದ ಬಿಲದಲ್ಲೋ ತರಗೆಲೆಯ ಕೆಳಗೋ ಮಲಗುತ್ತದೆ. ಇದು ಅಳಿದೇ ಹೋಗಿದೆ ಅಂತ ಎಲ್ಲರೂ ಅಂದುಕೊಂಡಿದ್ದರು. 1953ರಲ್ಲಿ ಒಬ್ಬ ಶಾಲಾ ಹುಡುಗ ತನ್ನ ಆಮೆಯನ್ನು ಪ್ರದರ್ಶನಕ್ಕೆ ತಂದಾಗಲೇ ಇದು ಇನ್ನೂ ಬದುಕಿದೆ ಎಂದು ತಿಳಿದಿದ್ದು! ಈ ಕಥೆ ಕೇಳಿದಾಗೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

1970ರ ದಶಕದಿಂದ ಇಲ್ಲಿ ಚಳಿಗಾಲದ ಮಳೆ ಕಡಿಮೆಯಾಗಿದೆ. ಟ್ವಿನ್ ಸ್ವಾಂಪ್ಸ್‌ಗೆ ಬೋರ್ ನೀರು ಬಿಟ್ಟು ಆಮೆಗಳನ್ನು ಕಾಪಾಡುತ್ತಿದ್ದಾರೆ. ತೋಟಗಳೂ ನೆಲದ ನೀರು ಎಳೆಯುತ್ತವೆ, ಅದು ನಿಜ. ಆದರೆ ತೋಟದ ಮಣ್ಣು ಮಳೆ ನೀರು ಕುಡಿಯುತ್ತದೆ. ಕಾಂಕ್ರೀಟ್ ಅದನ್ನು ಚರಂಡಿಗೆ ಅಟ್ಟುತ್ತದೆ. ನಾನೂ ಹಾಗೆ ಕಟ್ಟಿದ ಮನೆಯಲ್ಲೇ ಇದ್ದೇನೆ. 2024ರ ಡಿಸೆಂಬರ್‌ನಲ್ಲಿ ಎಲೆನ್‌ಬ್ರೂಕ್‌ಗೆ ರೈಲು ಬಂದಾಗ ನನಗೂ ಖುಷಿಯಾಯಿತು. ಜನರಿಗೆ ಮನೆ ಬೇಕು. ಆ ಮನೆಗಳನ್ನು ಮಿಡ್‌ಲ್ಯಾಂಡ್‌ನಲ್ಲಿ, ರೈಲು ನಿಲ್ದಾಣಗಳ ಹತ್ತಿರ, ಈಗಾಗಲೇ ಊರಾಗಿರುವ ಜಾಗದಲ್ಲಿ ಕಟ್ಟೋಣ.

ನಿಮ್ಮ ಕೌನ್ಸಿಲ್ ವ್ಯಾಪ್ತಿಯ ಗಿಲ್ಡ್‌ಫರ್ಡ್ 1829ರ ಊರು, ಪರ್ತ್ ಮತ್ತು ಫ್ರೀಮ್ಯಾಂಟಲ್ ಜೊತೆಗೇ ಹುಟ್ಟಿದ್ದು. 2008ರಲ್ಲಿ ಅಲ್ಲಿನ ಹಳೆಯ ಹೋಟೆಲ್ ಸುಟ್ಟಾಗ ಜನ ಕೈಬಿಡಲಿಲ್ಲ. 2016ರಲ್ಲಿ ಅದು ಮತ್ತೆ ಬಾಗಿಲು ತೆರೆಯಿತು. ಸುಟ್ಟ ಕಟ್ಟಡವನ್ನು ಹೀಗೆ ಮತ್ತೆ ಎಬ್ಬಿಸಬಹುದು. ಮನೆ ಎದ್ದ ತೋಟ ಮತ್ತೆ ತೋಟವಾಗಿದ್ದನ್ನು ನಾನು ನೋಡಿಲ್ಲ.

ಬೇಡ ಎಂದು ಬರೆದರಷ್ಟೇ ಸಾಲದು, ಬೆಳೆಗಾರ ಬದುಕಬೇಕು. ತೋಟದ ಗೇಟಿನ ಹತ್ತಿರ ಹಣ್ಣು ಮಾರುವವರಿಗೆ ಕಾಗದ ಪತ್ರದ ಕೆಲಸ ಕಡಿಮೆ ಮಾಡಿ. ಕೌನ್ಸಿಲ್ ಕಾರ್ಯಕ್ರಮಗಳಿಗೆ ಇಲ್ಲಿಯ ಹಣ್ಣನ್ನೇ ತರಿಸಿ. ಫೆಬ್ರವರಿಯಲ್ಲಿ, ದ್ರಾಕ್ಷಿ ಸೀಸನ್‌ನಲ್ಲಿ, ಒಂದು ಬೆಳಗ್ಗೆ ನೀವೇ ಆ ಗೇಟುಗಳಿಗೆ ಹೋಗಿ. ಇನ್ನೆಷ್ಟು ವರ್ಷ ಬೆಳೆಯುತ್ತೀರಿ ಅಂತ ಅವರನ್ನು ಕೇಳಿ. ಅವರ ಉತ್ತರವನ್ನು ಮುಂದಿನ ಕೌನ್ಸಿಲ್ ಸಭೆಯಲ್ಲಿ ಎಲ್ಲರ ಮುಂದೆ ಓದಿ ಹೇಳಿ.

ಇಂತಿ,
ಎಲೆನ್‌ಬ್ರೂಕ್‌ನ ಒಬ್ಬ ಕನ್ನಡಿಗ