ಪೊಲೀಸ್, ಫೊರೆನ್ಸಿಕ್ (ವಿಧಿವಿಜ್ಞಾನ, ಅಂದರೆ ಅಪರಾಧದ ಸಾಕ್ಷ್ಯಗಳ ವೈಜ್ಞಾನಿಕ ಪರೀಕ್ಷೆ) ಕಡೆ ಹೋಗುವ ಆಸೆಯಿರುವ ಮಕ್ಕಳಿಗೆ

ಎಲ್ಲರಿಗೂ ನಮಸ್ಕಾರ. ದ್ವಿತೀಯ ಪಿಯುಸಿ ಮಕ್ಕಳ ತಂದೆ-ತಾಯಂದಿರು ದಯವಿಟ್ಟು ಪೂರ್ತಿ ಓದಿ.

ಪೊಲೀಸ್ ಕೆಲಸ ಅಂದರೆ ಓಟ, ಎತ್ತರ, ಎದೆಯಳತೆ ಇಷ್ಟೇ ಅಂತ ನಮ್ಮ ಉಡುಪಿ ಕಡೆ ಇನ್ನೂ ತುಂಬ ಜನ ಅಂದುಕೊಂಡಿದ್ದಾರೆ. ಹಾಗಲ್ಲ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಎಂಬ ಹೊಸ ಅಪರಾಧ ಕಾನೂನು ಮತ್ತು ಅದರ ಜೊತೆಯ ಎರಡು ಕಾನೂನುಗಳು ಜಾರಿಯಾಗಿವೆ. ಶೋಧ, ಜಪ್ತಿಯನ್ನು ವಿಡಿಯೊ ಮಾಡಲೇಬೇಕು. ಮೊಬೈಲಿನಿಂದ ತೆಗೆದ ದಾಖಲೆ ಕೋರ್ಟಿಗೆ ಹೋಗಬೇಕಾದರೆ ಹ್ಯಾಶ್ ಮೌಲ್ಯ (ದಾಖಲೆ ಬದಲಾಗಿಲ್ಲ ಅಂತ ತೋರಿಸುವ, ಅದರ ಬೆರಳಚ್ಚಿನಂಥ ಸಂಕೇತ) ಬರೆದ ಪ್ರಮಾಣಪತ್ರ ಬೇಕು. ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ಫೊರೆನ್ಸಿಕ್ ತಜ್ಞರು ಸ್ಥಳಕ್ಕೆ ಬರಬೇಕೆಂಬ ನಿಯಮವೂ ಇದೆ. ಅದನ್ನು ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷದ ಅವಕಾಶ ಕೊಟ್ಟಿದ್ದಾರೆ.

ಒಂದು ಸಣ್ಣ ಉದಾಹರಣೆ ಹೇಳುತ್ತೇನೆ. ರಕ್ತದ ಕಲೆಯಿರುವ ಅಂಗಿಯನ್ನು ಪ್ಲಾಸ್ಟಿಕ್ ಚೀಲಕ್ಕೆ ತುರುಕಿದರೆ, ಅದರಲ್ಲೂ ನಮ್ಮ ಮಳೆಗಾಲದಲ್ಲಿ, ಬೂಸ್ಟು ಹಿಡಿದು ಸಾಕ್ಷ್ಯವೇ ಹಾಳು. ನೆರಳಲ್ಲಿ ಒಣಗಿಸಿ, ಕಾಗದದ ಲಕೋಟೆಗೆ ಹಾಕಿ, ಸೀಲು ಒತ್ತಿ, ಯಾರ ಕೈಯಿಂದ ಯಾರ ಕೈಗೆ ಹೋಯಿತು ಅಂತ ಬರೆಯಬೇಕು. ಈ ಶಿಸ್ತು ಕಲಿಕೆಯಿಂದಲೇ ಬರಬೇಕು.

ಸಿವಿಲ್ ಕಾನ್‌ಸ್ಟೇಬಲ್‌ಗೆ ಪಿಯುಸಿ, ಪಿಎಸ್‌ಐಗೆ (ಸಬ್ ಇನ್‌ಸ್ಪೆಕ್ಟರ್) ಪದವಿ ಬೇಕು. ಲ್ಯಾಬ್ ಕಡೆ ಮನಸ್ಸಿದ್ದರೆ ರಸಾಯನಶಾಸ್ತ್ರ, ಜೀವಶಾಸ್ತ್ರ ಬಿಡಬೇಡಿ. ಮಂಗಳೂರಿನಲ್ಲೇ ಪ್ರಾದೇಶಿಕ ವಿಧಿವಿಜ್ಞಾನ ಪ್ರಯೋಗಾಲಯವಿದೆ. ಕೋರ್ಸಿಗಾದರೆ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಧಾರವಾಡ ಕ್ಯಾಂಪಸ್ ನೋಡಿ.

ಖಾಸಗಿ ಸರ್ಟಿಫಿಕೇಟ್ ಕೋರ್ಸಿಗೆ ದುಡ್ಡು ಕಟ್ಟುವ ಮೊದಲು ಯಾವ ವಿಶ್ವವಿದ್ಯಾಲಯದ ಮಾನ್ಯತೆ ಇದೆ ಅಂತ ಕೇಳಿ. ನನ್ನ ಅಕ್ಕನ ಮಗ ಕೇಳದೆ ಕಟ್ಟಿದ, ಒಂದು ವರ್ಷ ಹೋಯಿತು.

ಪ್ರಶ್ನೆಯಿದ್ದರೆ ಇಲ್ಲೇ ಹಾಕಿ, ರಾತ್ರಿ ಊಟವಾದ ಮೇಲೆ ಉತ್ತರಿಸುತ್ತೇನೆ.