ಕೀಮೋ ಮುಗಿದ ಮೇಲಿನ ವರ್ಷಗಳು: ಆರೋಗ್ಯ ಸಚಿವರಿಗೆ ಕೊಡಗಿನಿಂದೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ,

ಸೋಮವಾರಪೇಟೆ ತಾಲ್ಲೂಕಿನ ಒಬ್ಬ ಸಣ್ಣ ಕಾಫಿ ಬೆಳೆಗಾರಳ ನಮಸ್ಕಾರಗಳು.

ನನ್ನ ಅತ್ತಿಗೆಗೆ ಸ್ತನ ಕ್ಯಾನ್ಸರಿನ ಆಪರೇಷನ್, ಕೀಮೋ, ರೇಡಿಯೇಷನ್ ಎಲ್ಲ ಮುಗಿದು ಆರು ವರ್ಷವಾಗಿತ್ತು. ಉದುರಿದ ಕೂದಲು ಮತ್ತೆ ಜಡೆ ಹಾಕುವಷ್ಟು ಬಂದಿತ್ತು. ಕಳೆದ ಕೊಯ್ಲಿನಲ್ಲಿ ಅವರಿಗೆ ಸೊಂಟನೋವು ಶುರುವಾಯಿತು. ಕಣದಲ್ಲಿ ಬಗ್ಗಿ ಬಗ್ಗಿ ಕಾಫಿ ಹರಡಿದ್ದಕ್ಕೆ ಎಂದುಕೊಂಡೆವು. ತೋರಿಸಿದ ಕಡೆಯೂ ಅದನ್ನೇ ಹೇಳಿ ಮುಲಾಮು ಕೊಟ್ಟರು. ಹಳೆಯ ಫೈಲು ಪ್ಲಾಸ್ಟಿಕ್ ಚೀಲದಲ್ಲಿ ಬೀರುವಿನ ಮೇಲೇ ಇತ್ತು. ವೈದ್ಯರು ಕೇಳಲಿಲ್ಲ, ನಾವು ಒಯ್ಯಲಿಲ್ಲ. ನಾಲ್ಕು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಬಚ್ಚಲಿಗೆಂದು ಎದ್ದವರಿಗೆ ಕಾಲೂರಲು ಆಗಲಿಲ್ಲ. ಕಾಯಿಲೆ ಬೆನ್ನುಮೂಳೆಗೆ ಹರಡಿತ್ತು.

"ಎಲ್ಲ ತೆಗ್ದಿದೀವಿ ಅಂದಿದ್ರಲ್ಲ, ಇಷ್ಟು ವರ್ಷ ಇದು ಎಲ್ಲಿತ್ತು?" ಎಂದು ಅತ್ತಿಗೆ ಕೇಳಿದರು. ಉತ್ತರ ಹುಡುಕುತ್ತ ನಾನು ಓದತೊಡಗಿದೆ.

2003ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದವರು ಸ್ತನದ ಗಡ್ಡೆಯ ಕೋಶಗಳನ್ನು ಬೇರ್ಪಡಿಸಿ ಇಲಿಗಳಿಗೆ ಚುಚ್ಚಿ ನೋಡಿದರು. ಒಂದು ಬಗೆಯ ಕೋಶ ಬರೀ 100 ಇದ್ದರೂ ಹೊಸ ಗಡ್ಡೆ ಬೆಳೆಯಿತು. ಅದೇ ಗಡ್ಡೆಯ ಉಳಿದ ಕೋಶಗಳನ್ನು ಹತ್ತಾರು ಸಾವಿರ ಹಾಕಿದರೂ ಬೆಳೆಯಲಿಲ್ಲ. ಆ ಮೊದಲ ಬಗೆಗೆ ಕ್ಯಾನ್ಸರ್ ಕಾಂಡಕೋಶ, ಸ್ಟೆಮ್ ಸೆಲ್, ಎನ್ನುತ್ತಾರೆ. ಅವು ತಮ್ಮಂಥವನ್ನೂ ಹುಟ್ಟಿಸುತ್ತವೆ, ಗಡ್ಡೆಯ ಉಳಿದ ಕೋಶಗಳನ್ನೂ ಹುಟ್ಟಿಸುತ್ತವೆ. ಕೀಮೋ ಹೆಚ್ಚಾಗಿ ಹೊಡೆಯುವುದು ಬೇಗಬೇಗ ಒಂದು ಎರಡಾಗಿ ಒಡೆದು ಹೆಚ್ಚುವ ಕೋಶಗಳನ್ನು. ಈ ಕಾಂಡಕೋಶಗಳಲ್ಲಿ ಹಲವು ಹಾಗೆ ಒಡೆಯದೆ ಸುಮ್ಮನಿದ್ದು ತಪ್ಪಿಸಿಕೊಳ್ಳುತ್ತವೆ. ಗಡ್ಡೆಯಿಂದ ಕಳಚಿ ರಕ್ತದಲ್ಲಿ ಸಾಗಿ ಮೂಳೆ, ಶ್ವಾಸಕೋಶ, ಯಕೃತ್ತಿನಲ್ಲಿ ಬೇರೂರುವುದರಲ್ಲೂ ಇವುಗಳ ಪಾತ್ರ ದೊಡ್ಡದು ಎನ್ನುತ್ತಾರೆ ಸಂಶೋಧಕರು. ಇವು ಬೇರೆಯೇ ಒಂದು ಜಾತಿ ಎಂದೂ ಅಲ್ಲವಂತೆ: ಸಾಮಾನ್ಯ ಕ್ಯಾನ್ಸರ್ ಕೋಶವೂ ಸಂದರ್ಭ ಬಂದರೆ ಈ ಗುಣ ಪಡೆಯಬಲ್ಲದು. ಅದಕ್ಕೇ ಇವನ್ನು ಬುಡಸಮೇತ ಕೀಳುವುದು ಇಷ್ಟು ಕಷ್ಟ.

ಓದುವಾಗ ನನಗೆ ನೆನಪಾದದ್ದು ನಮ್ಮ ತೋಟ. ಬೇಸಿಗೆಯಲ್ಲಿ ಕಾಫಿ ಮೊಗ್ಗು ವಾರಗಟ್ಟಲೆ ಹಾಗೇ ಮಲಗಿರುತ್ತದೆ, ಒಣಗಿದೆ ಅಂತಲೇ ಅನ್ನಿಸುತ್ತದೆ. ಒಂದು ಹೂಮಳೆ ಬಿದ್ದರೆ ಹತ್ತು ದಿನದೊಳಗೆ ತೋಟವೆಲ್ಲ ಬಿಳಿ. ಮೈಯೊಳಗೆ ಮಲಗಿರುವ ಕೋಶಕ್ಕೆ ಅಂಥ ಮಳೆ ಯಾವುದೆಂದು ಇನ್ನೂ ಪೂರ್ತಿ ತಿಳಿದಿಲ್ಲ. ಹಾರ್ಮೋನಿಗೆ ಸ್ಪಂದಿಸುವ ಬಗೆಯ ಸ್ತನ ಕ್ಯಾನ್ಸರು 20 ವರ್ಷದ ನಂತರವೂ ಮರಳಿದ್ದುಂಟು. ಅಂಥವರಿಗೆ ಟಮಾಕ್ಸಿಫೆನ್‌ನಂಥ ಹಾರ್ಮೋನಿನ ಕೆಲಸ ತಡೆಯುವ ಮಾತ್ರೆಯನ್ನು 5ರಿಂದ 10 ವರ್ಷ ಕೊಡುವುದು ಈ ಕಾರಣಕ್ಕೇ.

ಸಚಿವರೇ, ಮೊದಲ ಗಡ್ಡೆಯನ್ನು ಹುಡುಕುವ ತಪಾಸಣಾ ಶಿಬಿರಗಳು ಬೇಕು, ನಡೆಯಲಿ. ನಾನು ಕೇಳುತ್ತಿರುವುದು ಚಿಕಿತ್ಸೆ ಮುಗಿಸಿ ಊರಿಗೆ ಬಂದವರ ಬಗ್ಗೆ. ನಮ್ಮ ಜಿಲ್ಲೆಗೆ ರೈಲಿಲ್ಲ. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿ.ಮೀ., ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ 250ರ ಮೇಲೆ. ತೋಟದ ಕೂಲಿಯವರ ಲೈನ್ ಮನೆಯ ಹೆಂಗಸು ಎರಡು ದಿನದ ಕೂಲಿ ಬಿಟ್ಟು, ಮಳೆಗಾಲದಲ್ಲಿ ಘಾಟಿ ರಸ್ತೆ ನಂಬಿ, ನೋವೇ ಇಲ್ಲದಾಗ ಅಷ್ಟು ದೂರ ಹೋಗುತ್ತಾಳೆಯೇ? ಮಾತ್ರೆ ಮುಗಿದರೆ ಮುಗಿಯಿತು, ಅಷ್ಟೇ.

ಮಡಿಕೇರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ತಿಂಗಳಿಗೊಂದು ದಿನ ಕ್ಯಾನ್ಸರ್ ತಜ್ಞರು ಬಂದು ಹಳೆಯ ರೋಗಿಗಳನ್ನು ನೋಡುವಂತಾಗಲಿ. ಹಾರ್ಮೋನ್ ತಡೆಯುವ ಆ ಮಾತ್ರೆ ತಾಲ್ಲೂಕು ಆಸ್ಪತ್ರೆಯಲ್ಲೇ ತಪ್ಪದೆ ಸಿಗಲಿ. ಎಲ್ಲರಿಗೂ ಸ್ಕ್ಯಾನ್ ಮಾಡಿಸಿ ಎನ್ನುತ್ತಿಲ್ಲ, ಅದು ಬೇಕಾಗಿಯೂ ಇಲ್ಲ. ವರ್ಷಕ್ಕೊಂದು ಮ್ಯಾಮೊಗ್ರಾಮ್, ಅಂದರೆ ಸ್ತನದ ಎಕ್ಸ್-ರೇ, ಆಗಲಿ. ಆಶಾ ಕಾರ್ಯಕರ್ತೆಯ ಪುಸ್ತಕದಲ್ಲಿ ಇವರ ಹೆಸರಿರಲಿ. ವಾರಗಟ್ಟಲೆ ಬಿಡದ ಮೂಳೆನೋವು, ಕೆಮ್ಮು, ತಲೆನೋವು ಇದೆಯೇ ಎಂದು ಆಕೆ ವಿಚಾರಿಸಲಿ.

ಬೇಗ ಗೊತ್ತಾಗಿದ್ದರೆ ಅತ್ತಿಗೆಯ ಕಾಯಿಲೆ ಪೂರ್ತಿ ವಾಸಿಯಾಗುತ್ತಿತ್ತು ಎಂದು ನಾನು ಹೇಳಲಾರೆ. ಕಾಲಿನ ಶಕ್ತಿ ಉಳಿಯಬಹುದಿತ್ತು. ಈಗ ಅವರು ಜಗಲಿಯ ಕುರ್ಚಿಯಿಂದಲೇ ಕಣ ನೋಡುತ್ತಾರೆ. ಈ ಪತ್ರ ಬರೆಯುವುದಕ್ಕೆ ಅವರ ಒಪ್ಪಿಗೆ ಇದೆ. ನೀವು ಕರೆದರೆ ಅವರ ಫೈಲು ಹಿಡಿದು ಮಡಿಕೇರಿಗೆ ಬರುತ್ತೇನೆ.

ಇಂತಿ,
ಸೋಮವಾರಪೇಟೆ ತಾಲ್ಲೂಕಿನ ಒಬ್ಬ ನಾದಿನಿ