ಆರು ಸಾವಿರದ ಗಂಟು, ಮೂರು ವರ್ಷದ ಲೆಕ್ಕ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ವಾಚಕರ ಪುಟದಲ್ಲಿ ಒಬ್ಬರ ಪತ್ರ ಓದಿದೆ. ಆನ್‌ಲೈನ್ ಪೋಕರ್, ಅಂದರೆ ಫೋನಿನಲ್ಲಿ ದುಡ್ಡಿಟ್ಟು ಆಡುವ ಇಸ್ಪೀಟು, ಜೂಜಲ್ಲ, ದುಡ್ಡನ್ನು ಶಿಸ್ತಿನಿಂದ ಇಟ್ಟುಕೊಂಡು ಆಡಿದರೆ ಅದೂ ಒಂದು ಉದ್ಯೋಗವೇ, ಸರ್ಕಾರ ಸುಮ್ನೆ ಬಾಗಿಲು ಹಾಕಿಸಿತು ಅಂತ ಬರೆದಿದ್ದರು. ಹಾಗೆ ಶಿಸ್ತಿನಿಂದ ಆಡಿದವರಲ್ಲಿ ನಾನೂ ಒಬ್ಬ. ಲೆಕ್ಕದ ವಹಿ ಇನ್ನೂ ನನ್ನ ಹತ್ತಿರ ಇದೆ. ಅದಕ್ಕೇ ಈ ಪತ್ರ.

ನನ್ನದು ಬಾಗಲಕೋಟೆಯ ನವನಗರದಲ್ಲಿ ಝೆರಾಕ್ಸ್ ಅಂಗಡಿ. ಜೊತೆಗೆ ಆನ್‌ಲೈನ್ ಅರ್ಜಿ ತುಂಬಿಕೊಡುತ್ತೇನೆ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಗಿರಾಕಿ ಇರುವುದಿಲ್ಲ. ನಮ್ಮೂರ ಬಿಸಿಲು ನಿಮಗೆ ಗೊತ್ತೇ ಇದೆ, ನಾಯಿ ಕೂಡ ಕಟ್ಟೆಯ ನೆರಳು ಬಿಟ್ಟು ಏಳುವುದಿಲ್ಲ. ನನ್ನ ಆಟವೆಲ್ಲ ಆ ಎರಡು ತಾಸಿನದು.

2021ರ ಅಕ್ಟೋಬರ್‌ನಲ್ಲಿ ರಾಜ್ಯದ ಕಾನೂನು ಬಂದು ಇಂಥ ಆಟಗಳು ಕರ್ನಾಟಕದಲ್ಲಿ ನಿಂತಿದ್ದವು. 2022ರ ಫೆಬ್ರವರಿ 14ರಂದು ಹೈಕೋರ್ಟ್ ಆ ನಿಷೇಧವನ್ನು ರದ್ದು ಮಾಡಿತು. ಆ ವರ್ಷ ಜೂನ್‌ನಲ್ಲಿ, ಬೆಳಗಾವಿಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ನಮ್ಮ ಕಾಕಾನ ಮಗ ಊರಿಗೆ ಬಂದಾಗ ನನ್ನ ಫೋನಿಗೆ ಒಂದು ಆ್ಯಪ್ ಹಾಕಿಕೊಟ್ಟ. ಅವನು ಬೆಳಗಾವಿ ಬಸ್ಸು ಹತ್ತಿದ ಮೇಲೆ ಎರಡು ಸಾವಿರ ಹಾಕಿ, ಅಷ್ಟನ್ನೂ ಹಿಡಿದುಕೊಂಡು ಹತ್ತು-ಇಪ್ಪತ್ತರ ಟೇಬಲ್ಲಿಗೆ (ಪ್ರತಿ ಆಟದಲ್ಲೂ ಇಬ್ಬರು ಎಲೆ ನೋಡುವ ಮೊದಲೇ ಇಡಬೇಕಾದ ಪಣ ಅದು) ಕೂತೆ.

ನಲವತ್ತು ನಿಮಿಷಕ್ಕೆ ಕೈಗೆ ಎರಡು ಎಕ್ಕ ಬಂದವು. ಎದುರಿನವನು ಇದ್ದದ್ದೆಲ್ಲ ಪಣಕ್ಕೆ ನೂಕಿದ. ನಾನೂ ನೂಕಿದೆ. ಅವನ ಎಲೆ ತೆರೆದರೆ ಎರಡು ರಾಜ. ಇಂಥ ಜೋಡಿ ನೂರು ಸಲ ಎದುರಾದರೆ ಸುಮಾರು ಎಂಬತ್ತೆರಡು ಸಲ ಎಕ್ಕವೇ ಗೆಲ್ಲುತ್ತದೆ. ನನ್ನದು ಉಳಿದ ಹದಿನೆಂಟರಲ್ಲಿ ಬಂತು. ಎಲ್ಲರಿಗೂ ಸೇರಿದಂತೆ ನಡುವೆ ಬಿದ್ದ ಐದನೇ ಎಲೆ ಕಳಾವರ್ ರಾಜ. ಅವನಿಗೆ ಮೂರು ರಾಜ ಆಯಿತು, ನನ್ನ ದುಡ್ಡು ಹೋಯಿತು. ಅದೇ ಹೊತ್ತಿಗೆ ಒಬ್ಬ ಅಜ್ಜ ಆಧಾರ್ ಕಾರ್ಡ್ ಹಿಡಿದು ನಿಂತಿದ್ದರು. ಎರಡು ಕಾಪಿ ಕೇಳಿದ್ದಕ್ಕೆ ಇಪ್ಪತ್ತು ಹೊಡೆದುಕೊಟ್ಟೆ.

ಬೆಳಗಾವಿಗೆ ಫೋನ್ ಮಾಡಿ ಹೇಳಿದರೆ ಆ ತಮ್ಮ ಮರುಗಲಿಲ್ಲ. "ಅಣ್ಣಾ, ರಾಜಾ ಬಂದಿದ್ದಕ್ಕ ನೀ ಸೋತಿಲ್ಲ. ಇದ್ದದ್ದೆಲ್ಲಾ ಒಂದ ಟೇಬಲ್‌ಮ್ಯಾಲ ಇಟ್ಟಿ, ಅದಕ್ಕ ಸೋತಿ" ಅಂದ. ಆಮೇಲೆ ಗಂಟಿನ ಲೆಕ್ಕ ಕಲಿಸಿದ. ಅವರು ಬ್ಯಾಂಕ್‌ರೋಲ್ ಅನ್ನುತ್ತಾರೆ, ನನಗೆ ಗಂಟು ಅಂದರೇ ಸರಿ. ಮನೆಯ ದುಡ್ಡು, ಅಂಗಡಿಯ ದುಡ್ಡು ಬೇರೆ, ಆಟದ ಗಂಟು ಬೇರೆ. ಒಂದು-ಎರಡು ರೂಪಾಯಿ ಟೇಬಲ್ಲಿಗೆ ಕೂರಲು ಇನ್ನೂರು ಬೇಕು. ಅಂಥ ಮೂವತ್ತು ಪಾಲು, ಅಂದರೆ ಆರು ಸಾವಿರ, ಕೈಯಲ್ಲಿ ಇಲ್ಲದಿದ್ದರೆ ಅಲ್ಲಿ ಕೂರಬಾರದು. ಗಂಟು ನಾಲ್ಕು ಸಾವಿರಕ್ಕೆ ಇಳಿದರೆ ಐವತ್ತು ಪೈಸೆ-ಒಂದು ರೂಪಾಯಿ ಟೇಬಲ್ಲಿಗೆ ಇಳಿಯಬೇಕು. ಒಂದೇ ದಿನ ಮೂರು ಪಾಲು ಹೋದರೆ ಫೋನ್ ಮುಚ್ಚಬೇಕು. ಟೂರ್ನಮೆಂಟ್ ಆಡುವುದಿದ್ದರೆ ಮೂವತ್ತಲ್ಲ, ನೂರು ಪಾಲು ಬೇಕು. ಅಲ್ಲಿ ಹೆಚ್ಚಿನ ಸಲ ಬರಿಗೈಯಲ್ಲೇ ಏಳುವುದು.

ನಿಯಮದಲ್ಲಿ ತಪ್ಪೇನೂ ಇಲ್ಲ. ಚೆನ್ನಾಗಿ ಆಡುವವನಿಗೂ ಹತ್ತಾರು ಸಲ ಸಾಲಾಗಿ ಕೆಟ್ಟ ಎಲೆ ಬರುತ್ತವೆ. ಆಗ ಗಂಟು ದೊಡ್ಡದಿದ್ದರೆ ಅವನು ಉಳಿಯುತ್ತಾನೆ. ಹೋದ ವಾರ ಪತ್ರ ಬರೆದವರ ಈ ಮಾತು ನಾನೂ ಒಪ್ಪುತ್ತೇನೆ.

ಅಂಗಡಿಯ ಗಲ್ಲೆಯಿಂದ ದಿನಕ್ಕೆ ಐವತ್ತರಂತೆ ಬಿಸ್ಕೀಟ್ ಡಬ್ಬಿಗೆ ಹಾಕುತ್ತ ಬಂದೆ. ನಾಲ್ಕು ತಿಂಗಳಿಗೆ ಆರು ಸಾವಿರ ಆಯಿತು. 2023ರ ಯುಗಾದಿ ಮುಗಿಸಿ ಏಪ್ರಿಲ್‌ನಲ್ಲಿ ಆಟ ಶುರು ಮಾಡಿದೆ. ದಿನಾ ರಾತ್ರಿ ವಹಿಯಲ್ಲಿ ಬರೆದೆ. ಜೂನ್ ಹೊತ್ತಿಗೆ 7,400. ಆಗ ನನ್ನ ನಡಿಗೆಯೇ ಬೇರೆ ಇತ್ತು! ಸೆಪ್ಟೆಂಬರ್‌ಗೆ 3,850. ನಿಯಮದಂತೆ ಕೆಳಗಿನ ಟೇಬಲ್ಲಿಗೆ ಇಳಿದೆ. ಎರಡು ವಾರ ಹೇಗೋ ಕೂತೆ. ಎರಡೂ ತಾಸು ಆಡಿದರೂ ಹನ್ನೆರಡು ರೂಪಾಯಿ, ಹದಿನೈದು ರೂಪಾಯಿ. ಮಕ್ಕಳ ಗೋಲಿ ಆಟಕ್ಕೆ ಕೂತ ಹಾಗೆ ಅನ್ನಿಸಿತು. ನವೆಂಬರ್‌ನಲ್ಲಿ ಎರಡು ಸಾವಿರ ಸೇರಿಸಿ ಮತ್ತೆ ಮೇಲಿನ ಟೇಬಲ್ಲಿಗೆ ಹೋದೆ. ವಹಿಯಲ್ಲಿ 'ಗಂಟು ಭರ್ತಿ' ಅಂತ ನೀಟಾಗಿ ಬರೆದೆ.

ಆ ಸಾಲನ್ನು ಈಗ ನೋಡಿದರೆ ನಾಚಿಕೆಯಾಗುತ್ತದೆ. ಗಂಟು ಅಂತ ಕಟ್ಟುವುದೇ ಅದು ಮುಗಿದರೆ ಆಟ ಮುಗಿಯಲಿ ಅಂತ ಅಲ್ವಾ? 2024ರ ಫೆಬ್ರವರಿಯಲ್ಲಿ ಮೂರು ಸಾವಿರ ಭರ್ತಿ, ಜೂನ್‌ನಲ್ಲಿ ಐದು ಸಾವಿರ ಭರ್ತಿ. ಜೂನ್‌ನ ಐದು ಸಾವಿರ ಮಗಳ ಶಾಲೆಯ ಫೀಸಿನದು. ಫೀಸು ಇಪ್ಪತ್ತು ದಿನ ತಡವಾಗಿ ಕಟ್ಟಿದೆ. ಶಾಲೆಯವರು ಏನೂ ಅನ್ನಲಿಲ್ಲ, ಆದರೆ ಮಗಳು ದಿನಾ ಕೇಳುತ್ತಿದ್ದಳು.

ಮಜಾ ಏನೆಂದರೆ, ಅಷ್ಟು ದಿನವೂ ನಾನು ಮೂವತ್ತು ಪಾಲಿನ ನಿಯಮ ಮುರಿದಿರಲಿಲ್ಲ. ಭರ್ತಿ ಮಾಡಿದಾಗಲೆಲ್ಲ ಪಾಲು ಎಣಿಸಿಯೇ ಕೂತೆ. ನಿಯಮವೂ ಉಳಿಯಿತು, ಸೋಲೂ ಬೆಳೆಯಿತು. ಯಾಕೆಂದರೆ ಆ ನಿಯಮ ನೀನು ಗೆಲ್ಲುವ ಆಟಗಾರನೋ ಅಲ್ಲವೋ ಹೇಳುವುದಿಲ್ಲ. ತೂತಿರುವ ಕೊಡ ದೊಡ್ಡದಿದ್ದರೆ ಖಾಲಿಯಾಗುವುದು ತಡ, ಅಷ್ಟೇ.

ತೂತು ಒಂದೇ ಇರಲಿಲ್ಲ. ನನ್ನ ಆ್ಯಪ್ ಪ್ರತಿ ಆಟದಲ್ಲಿ ಕೂಡಿದ ಪಣದ ರಾಶಿಯಿಂದ ನೂರಕ್ಕೆ ಐದು ತನ್ನ ಕಮಿಷನ್ ತೆಗೆಯುತ್ತಿತ್ತು. ನನ್ನಂಥ ಆರು ಜನ ಕೂತು ಒಬ್ಬರದನ್ನು ಒಬ್ಬರು ಗೆಲ್ಲುತ್ತ ಹೋದರೆ ಕೊನೆಗೆ ಆರೂ ಜನರ ಜೇಬು ಹಗುರ. 2023ರ ಅಕ್ಟೋಬರ್ 1ರಿಂದ ಹಾಕಿದ ದುಡ್ಡಿನ ಮೇಲೆ 28 ಪರ್ಸೆಂಟ್ ಜಿಎಸ್‌ಟಿ ಬಂತು. ನನ್ನ ಮೊದಲ 'ಭರ್ತಿ'ಯ 2,000ದಲ್ಲಿ 437 ರೂಪಾಯಿ 50 ಪೈಸೆ ಆಟಕ್ಕೆ ಮುಂಚೆಯೇ ಹೋಯಿತು. ಆ್ಯಪ್‌ನವರು ಅಷ್ಟು ಬೋನಸ್ ಕೊಟ್ಟರು, ಆದರೆ ಅದನ್ನು ಬ್ಯಾಂಕಿಗೆ ಹಾಕಿಕೊಳ್ಳಲು ಬರುತ್ತಿರಲಿಲ್ಲ. ವರ್ಷದ ನಿವ್ವಳ ಗೆಲುವಿನ ಮೇಲೆ 30 ಪರ್ಸೆಂಟ್ ತೆರಿಗೆ ಬೇರೆ ಇತ್ತು. ಅದನ್ನು ಕಟ್ಟುವ ಭಾಗ್ಯ ನನಗೆ ಬರಲಿಲ್ಲ.

2025ರ ಆಗಸ್ಟ್ 22ರಂದು ದುಡ್ಡಿನ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕೇಂದ್ರದ ಕಾನೂನಿಗೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ಆ್ಯಪ್ ದುಡ್ಡಿನ ಟೇಬಲ್ ಮುಚ್ಚಿತು. ಉಳಿದ 2,140 ರೂಪಾಯಿ ಬ್ಯಾಂಕಿಗೆ ವಾಪಸ್ ಬಂತು. ಒಟ್ಟು ಹಾಕಿದ್ದು 18,000. ಹೋದದ್ದು 15,860. ಪೇಪರಿನಲ್ಲಿ ಬರುವ ಲಕ್ಷಗಳ ಮುಂದೆ ಇದು ಏನೂ ಅಲ್ಲ. ಆದರೆ ಇದು ಶಿಸ್ತಿನಿಂದ ಆಡಿದವನ ಲೆಕ್ಕ.

ದೀಪಾವಳಿಗೆ ಅಂಗಡಿ ಪೂಜೆಯ ದಿನ ನಮ್ಮ ಮನೆಯವಳು ಲೆಕ್ಕದ ವಹಿಗಳನ್ನೆಲ್ಲ ಒರೆಸಿ, ಕುಂಕುಮ ಹಚ್ಚಿ ಸಾಲಾಗಿ ಇಡುತ್ತಿದ್ದಳು. ಅದರಲ್ಲಿ ಇದೂ ಸಿಕ್ಕಿತು. ಪುಟ ತಿರುವಿ ನೋಡಿದಳು. "ಇದರಾಗ ಭರ್ತಿ, ಭರ್ತಿ ಅಂತ ಬರದೀರಲ್ಲ, ಏನು ಭರ್ತಿ ಆತು?" ಅಂತ ಕೇಳಿದಳು. ನಾನು ಊದಿನಕಡ್ಡಿ ಹುಡುಕುವ ನೆವ ಮಾಡಿ ಒಳಗೆ ಹೋದೆ. ರಾತ್ರಿ ಎಲ್ಲ ಹೇಳಿದೆ, ಅದು ಬೇರೆ ಮಾತು.

ಇದನ್ನೆಲ್ಲ ಈಗ ಬರೆಯಲು ಕಾರಣ ಇದೆ. ಹೊಸ ಕಾನೂನಿನಲ್ಲಿ ಶಿಕ್ಷೆ ಆಟ ನಡೆಸುವವರಿಗೆ, ಜಾಹೀರಾತು ಮಾಡುವವರಿಗೆ. ಆಡಿದವನಿಗೆ ಇಲ್ಲ. ಹಾಗಾಗಿ ಹುಡುಗರಿಗೆ ಹೆದರಿಕೆಯೂ ಇಲ್ಲ. ಪ್ರಿಂಟ್ ತೆಗೆಸಲು ಬಂದ ಇಬ್ಬರು ಹೊರದೇಶದ ಆ್ಯಪ್ ಒಂದನ್ನು ತೋರಿಸಿದರು. ದುಡ್ಡು ಹಾಕಬೇಕಾದರೆ ಯಾವನೋ ಒಬ್ಬನ ಯುಪಿಐಗೆ ಕಳಿಸಬೇಕಂತೆ. "ನಾವು ಮೂವತ್ತು ಪಾಲು ಇಟ್ಟೇ ಆಡ್ತೀವಿ ಅಣ್ಣಾರ" ಅಂದರು. ಸ್ಕ್ರೀನಿನಲ್ಲಿ ಕಾಣುವ ಅಂಕಿ ಕೈಗೆ ಬರುತ್ತದೆ ಅನ್ನುವ ಖಾತ್ರಿಯೇ ಇಲ್ಲದ ಕಡೆ ಮೂವತ್ತು ಪಾಲು ಎಣಿಸಿ ಏನು ಮಾಡುವುದು?

ಇನ್ನೊಂದು. ನಮ್ಮದು ಮುಳುಗಡೆ ಊರು. ಆಲಮಟ್ಟಿ ಹಿನ್ನೀರಿಗೆ ಹಳೇ ಊರಿನ ಮನೆ ಹೋಗಿ ನವನಗರಕ್ಕೆ ಬಂದವರು ನಾವು. ಅಪ್ಪ ಪರಿಹಾರದ ದುಡ್ಡನ್ನು ಪೋಸ್ಟಿನಲ್ಲಿಟ್ಟು ಬರೀ ಬಡ್ಡಿ ತಿಂದರು, ಮುದ್ದಲು ಮುಟ್ಟಲಿಲ್ಲ. ಅದೇ ಓಣಿಯಲ್ಲಿ ಜೀಪು ಕೊಂಡು, ಆಮೇಲೆ ಅದರ ಡೀಸೆಲ್ಲಿಗೆ ಸಾಲ ಮಾಡಿದವರೂ ಇದ್ದರು. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಂಪುಟ ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೇ ಹಂತದ ಮುಳುಗಡೆಗೆ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣ ಬೇಸಾಯದ ಜಮೀನಿಗೆ 30 ಲಕ್ಷ ಅಂತ ತೀರ್ಮಾನ ಮಾಡಿದೆ. ಈ ಸಲ ಪರಿಹಾರ ಬರುವ ಮನೆಗಳಲ್ಲಿ ಹುಡುಗರ ಕೈಯಲ್ಲಿ ಫೋನ್ ಇದೆ. ಅಪ್ಪನ ಪಾಸ್‌ಬುಕ್ಕಿನ ನಂಬರೂ ಅದೇ ಫೋನಿಗೆ ಜೋಡಿಸಿರುತ್ತದೆ. ಎಷ್ಟೋ ಜನರಿಗೆ ಅದನ್ನು ಜೋಡಿಸಿಕೊಡುವವನು ನಾನೇ.

ನೀವು ಇಂಥ ಸುದ್ದಿ ಹಾಕುವಾಗ ಬರೀ 'ಜೂಜಿಗೆ ಬಲಿ' ಅಂತ ದಪ್ಪ ಅಕ್ಷರ ಹಾಕಬೇಡಿ. ಎಷ್ಟು ಹಾಕಿದ, ಎಷ್ಟು ಸಲ ಹಾಕಿದ, ಆ ದುಡ್ಡು ಎಲ್ಲಿಂದ ತಂದ ಅಂತ ಲೆಕ್ಕವನ್ನೂ ಹಾಕಿ. ಹೋದ ವಾರ ಪತ್ರ ಬರೆದವರೂ ತಮ್ಮ ಲೆಕ್ಕ ಕಳಿಸಲಿ, ಗೆದ್ದಿದ್ದರೆ ಸಂತೋಷವೇ. ಬಾಗಲಕೋಟೆಗೆ ಬಂದರೆ ನನ್ನ ವಹಿ ತೋರಿಸುತ್ತೇನೆ. ಮಧ್ಯಾಹ್ನ ಎರಡರಿಂದ ನಾಲ್ಕರೊಳಗೆ ಬರಲಿ. ಆಗ ಗಿರಾಕಿ ಇರುವುದಿಲ್ಲ.

ಇಂತಿ ನಿಮ್ಮ ಓದುಗ,
ಝೆರಾಕ್ಸ್ ಅಂಗಡಿಯವ, ನವನಗರ, ಬಾಗಲಕೋಟೆ
(ಮಗಳ ಶಾಲೆಯಲ್ಲಿ ಎಲ್ಲರೂ ನಿಮ್ಮ ಪತ್ರಿಕೆ ಓದುತ್ತಾರೆ, ದಯವಿಟ್ಟು ಹೆಸರು ಹಾಕಬೇಡಿ)